ಬೋಲ್ಟು ಸುತ್ತುತ್ತಲೇ ಇದೆ, ಬಿಗಿಯಾಗುತ್ತಿಲ್ಲ

ಗಾಡಿ ರಿಪೇರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಬೈಕ್ ಎಂಜಿನ್ನಿನ ಥ್ರೆಡ್ (ಬೋಲ್ಟು ಹಿಡಿಯುವ ಸುರುಳಿ ಹಲ್ಲು) ಹೋದ ದೂರುಗಳೇ. ಒಂದರ ಹಿಂದೊಂದು ಓದಿದರೆ ಶುರುವಾದ ಬಗೆಯೂ ಹೆಚ್ಚುಕಡಿಮೆ ಒಂದೇ: ಎಲ್ಲೋ ಆಯಿಲ್ ಜಿನುಗಿತು, ಯಾರೋ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದರು.

ಪ್ರಶ್ನೆ: 100 ಸಿಸಿ ಬೈಕು. ಆಯಿಲ್ ಬದಲಿಸಿದ ಮೇಲೆ ಡ್ರೇನ್ ಬೋಲ್ಟಿನಿಂದ ತೊಟ್ಟಿಕ್ಕುತ್ತಿತ್ತು. ಗ್ಯಾರೇಜಿನಲ್ಲಿ ಬಿಗಿ ಮಾಡಿಸಿದೆ. ಈಗ ಬೋಲ್ಟು ಸುಮ್ಮನೆ ತಿರುಗುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ಕಳಿಸಿದ್ದಾರೆ. ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಭಾಗದ ಹೊರಕವಚ) ಬದಲಿಸಲೇಬೇಕೇ? (ತಿಪಟೂರಿನ ಓದುಗರು)

ಬೇಡ. ಆದರೆ ಟೇಪ್ ನಂಬಿಕೊಂಡು ಓಡಿಸಬೇಡಿ. ಅದು ನೀರಿನ ಪೈಪಿಗೆ ಸರಿ, ಹೋದ ಥ್ರೆಡ್ಡಿಗೆ ಅದರಿಂದ ಹಿಡಿತ ಬರುವುದಿಲ್ಲ. ಎಂಜಿನ್ ಬಿಸಿಯಾಗಿ ಅದುರಿದಾಗ ಬೋಲ್ಟು ದಾರಿಯಲ್ಲಿ ಬಿದ್ದರೆ ಇರುವ ಒಂದು ಲೀಟರಿಗೂ ಕಡಿಮೆ ಆಯಿಲ್ ಚೆಲ್ಲಿಹೋಗಲು ಹೆಚ್ಚು ಹೊತ್ತು ಬೇಡ. ಟೇಪಿನ ಎಳೆ ಒಳಗೆ ಹೋದರೆ ಆಯಿಲ್ ಜಾಲರಿಗೂ ಸಿಕ್ಕಿಕೊಳ್ಳುತ್ತದೆ.

ಬೋಲ್ಟು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಅದರ ಹಲ್ಲುಗಳ ನಡುವೆ ಬೆಳ್ಳಿತಂತಿಯಂಥ ಸುರುಳಿ ಸುತ್ತಿಕೊಂಡಿದ್ದರೆ, ಅದೇ ನಿಮ್ಮ ಕ್ರ್ಯಾಂಕ್‌ಕೇಸಿನ ಥ್ರೆಡ್. ಉಕ್ಕಿನ ಬೋಲ್ಟಿಗೆ ಏನೂ ಆಗಿರುವುದಿಲ್ಲ, ಅಲ್ಯೂಮಿನಿಯಂ ಕಿತ್ತು ಬಂದಿರುತ್ತದೆ.

ಹೀಗಾಗಲು ಮೂಲ ಕಾರಣ ಬೋಲ್ಟಿನ ತಲೆಯ ಕೆಳಗಿನ ವಾಷರ್. ಅಲ್ಯೂಮಿನಿಯಂ ಅಥವಾ ತಾಮ್ರದ ಆ ವಾಷರ್ ಒಮ್ಮೆ ನಜ್ಜುಗುಜ್ಜಾಗಿ ಕೂತೇ ಆಯಿಲ್ ತಡೆಯುವುದು. ಅದನ್ನೇ ಮತ್ತೆ ಮತ್ತೆ ಹಾಕಿದರೆ ಗಟ್ಟಿಯಾಗಿ, ಮೇಲೆ ಗೆರೆ ಬಿದ್ದು, ಸೋರತೊಡಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ವಾಷರ್ ಬದಲಿಸುವ ಬದಲು ಬೋಲ್ಟನ್ನು ಬಿಗಿಯುತ್ತಾರೆ. ಹೋಂಡಾ ಮೂಲದ 100 ಸಿಸಿ ಎಂಜಿನ್ನುಗಳಲ್ಲಿ ಈ ಬೋಲ್ಟು ಸಾಮಾನ್ಯವಾಗಿ 12 ಮಿ.ಮೀ., ಪಿಚ್ (ಹಲ್ಲಿನಿಂದ ಹಲ್ಲಿಗಿರುವ ದೂರ) 1.5, ತಲೆಗೆ 17ರ ಸ್ಪ್ಯಾನರ್. ಅದಕ್ಕೆ 25 ನ್ಯೂಟನ್ ಮೀಟರ್ ಬಿಗಿ ಧಾರಾಳ. 20 ಸೆಂ.ಮೀ. ಉದ್ದದ ರಿಂಗ್ ಸ್ಪ್ಯಾನರಿನ ತುದಿಯಲ್ಲಿ 12–13 ಕಿಲೋ ಒತ್ತಿದರೆ ಅಷ್ಟಾಯಿತು. ಮೈಭಾರ ಬಿಟ್ಟು ಒತ್ತಿದರೆ ಅದರ ಮೂರು ಪಟ್ಟು ದಾಟುತ್ತದೆ.

ರಿಪೇರಿಗೆ ಎರಡು ದಾರಿ. ಒಂದು, ಓವರ್‌ಸೈಜ್: 12.5 ಮಿ.ಮೀ. ಡ್ರಿಲ್ ಹಾಕಿ 14×1.5 ಟ್ಯಾಪ್ (ತೂತಿನಲ್ಲಿ ಥ್ರೆಡ್ ಕೊರೆಯುವ ಸಾಧನ) ಹೊಡೆದು ದಪ್ಪ ಬೋಲ್ಟು ಹಾಕುವುದು. ಲೇತ್ ಅಂಗಡಿಯವರು ಹೇಳುವುದು ಹೆಚ್ಚಾಗಿ ಇದನ್ನೇ. ತೂತಿನ ಸುತ್ತ ಗೋಡೆ ದಪ್ಪ ಇದ್ದರೆ ತಪ್ಪಿಲ್ಲ, ಆದರೆ ಮುಂದೊಮ್ಮೆ ಅದೂ ಹೋದರೆ ಹಿಗ್ಗಿಸಲು ಜಾಗ ಉಳಿಯುವುದಿಲ್ಲ. ಎರಡು, 12×1.5 ಅಳತೆಯ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಅಥವಾ ಗಟ್ಟಿ ಉಕ್ಕಿನ ಥ್ರೆಡ್ ಬುಷ್ ಕೂರಿಸಿ ಹಳೇ ಅಳತೆಯ ಬೋಲ್ಟನ್ನೇ ಹಾಕುವುದು. ನಮ್ಮ ಆಯ್ಕೆ ಎರಡನೆಯದು. ಸುರುಳಿಯ ಸಂದಿಯಿಂದ ಆಯಿಲ್ ಸೋರುತ್ತದೆಂಬ ಭಯ ಬೇಡ. ಸೋರಿಕೆ ತಡೆಯುವುದು ವಾಷರ್ ಕೂರುವ ಮುಖ, ಥ್ರೆಡ್ ಅಲ್ಲ. ಹಾಗಾಗಿ ಆ ಮುಖಕ್ಕೆ ಡ್ರಿಲ್ ಗೀರು ಬೀಳದಂತೆ, ತೂತು ಅದಕ್ಕೆ ನೇರ ಲಂಬವಾಗಿರುವಂತೆ ನೋಡಿಕೊಳ್ಳಬೇಕು. ತೂತು ಕೆಳಮುಖವಾಗಿರುವುದರಿಂದ ಪುಡಿ ಹೆಚ್ಚಾಗಿ ತಾನೇ ಕೆಳಗೆ ಬೀಳುತ್ತದೆ. ಆದರೂ ಟ್ಯಾಪಿನ ಕಾಲುವೆಗಳಿಗೆ ಗ್ರೀಸ್ ತುಂಬಿ, ಕೆಲಸ ಮುಗಿದ ಮೇಲೆ 200 ಮಿ.ಲೀ. ಅಗ್ಗದ ಆಯಿಲ್ ಮೇಲಿಂದ ಸುರಿದು ತೊಳೆದುಬಿಡಿ.

ಪ್ರಶ್ನೆ: ಕ್ಲಚ್ ಕವರಿನ ಒಂದು 6 ಮಿ.ಮೀ. ಬೋಲ್ಟು ಹಿಡಿಯುತ್ತಿಲ್ಲ. ಹೆಲಿಕಾಯಿಲ್ ಕಿಟ್ ತರಿಸಿದ್ದೇನೆ. ಮನೆಯಲ್ಲೇ ಹಾಕಬಹುದೇ? ಹಂತ ಹಂತವಾಗಿ ತಿಳಿಸಿ. (ಸಾಗರದ ಓದುಗರು)

ಹಾಕಬಹುದು, ಆದರೆ ಡ್ರಿಲ್ ಹಿಡಿಯುವ ಮೊದಲು ಒಂದು ತೆಳು ತಂತಿ ಹಿಡಿಯಿರಿ. ತೂತಿನ ತಳಕ್ಕೆ ಇಳಿಸಿ ಆಳ ಅಳೆಯಿರಿ. ಎಷ್ಟೋ ಎಂಜಿನ್ನುಗಳಲ್ಲಿ ತೂತು ಬೋಲ್ಟಿಗಿಂತ ಐದಾರು ಮಿ.ಮೀ. ಹೆಚ್ಚು ಆಳವಿರುತ್ತದೆ. ತಳದ ಥ್ರೆಡ್ಡನ್ನು ಬೋಲ್ಟು ಮುಟ್ಟಿಯೇ ಇರುವುದಿಲ್ಲ, ಅದು ಹೊಸದರಂತೆಯೇ ಇರುತ್ತದೆ. 5 ಮಿ.ಮೀ. ಉದ್ದ ಜಾಸ್ತಿಯಿರುವ ಬೋಲ್ಟು ಹಾಕಿದರೆ ಕೆಲವೊಮ್ಮೆ ಅಲ್ಲಿಗೇ ಕೆಲಸ ಮುಗಿಯುತ್ತದೆ. ಕವರಿನ ದಪ್ಪ, ತೂತಿನ ಆಳ ಎರಡನ್ನೂ ಕೂಡಿಸಿ 2 ಮಿ.ಮೀ. ಕಳೆಯಿರಿ. ಬೋಲ್ಟು ಅದಕ್ಕಿಂತ ಉದ್ದ ಇರಕೂಡದು.

ತಳದಲ್ಲೂ ಥ್ರೆಡ್ ಇಲ್ಲವೆಂದರೆ ಹೆಲಿಕಾಯಿಲ್. ಇದು ಸ್ಟೇನ್‌ಲೆಸ್ ತಂತಿಯ ಸ್ಪ್ರಿಂಗಿನಂಥ ಸುರುಳಿ. ಹೊರಮೈ ಎಂಜಿನ್ನಿನ ಹೊಸ ಥ್ರೆಡ್ಡಿನಲ್ಲಿ ಕೂರುತ್ತದೆ, ಒಳಮೈ ಮತ್ತೆ 6×1.0. ಸುರುಳಿಯ ಉದ್ದ 9 ಮಿ.ಮೀ.ನದೂ ಸಿಗುತ್ತದೆ, 12ರದೂ ಸಿಗುತ್ತದೆ. ಅಲ್ಯೂಮಿನಿಯಂನಲ್ಲಿ ಹಿಡಿತದ ಉದ್ದ ಬೋಲ್ಟಿನ ದಪ್ಪದ ಎರಡು ಪಟ್ಟಿದ್ದರೆ ನಿಶ್ಚಿಂತೆ. ಆದ್ದರಿಂದ ಆಳ ಸಿಕ್ಕರೆ 12ರದೇ ಹಾಕಿ.

ಮೊದಲ ಕೆಲಸ ಡ್ರಿಲ್. ಕಿಟ್ಟಿನಲ್ಲಿ 6.2 ಅಥವಾ 6.3 ಮಿ.ಮೀ. ಬಿಟ್ ಇರುತ್ತದೆ. ಕಿಟ್ ಜೊತೆ ಬಂದದ್ದನ್ನೇ ಬಳಸಿ. ಮನೆಯಲ್ಲಿದೆಯೆಂದು 6.5 ಹಾಕಿದರೆ ಸುರುಳಿಗೆ ಹಿಡಿತ ತಪ್ಪುತ್ತದೆ. ಬಿಟ್ಟಿಗೆ ತೂತಿನ ಆಳದಷ್ಟು (ಕವರ್ ಕೂರಿಸಿ ಕೊರೆಯುವುದಾದರೆ ಕವರಿನ ದಪ್ಪವನ್ನೂ ಕೂಡಿಸಿ) ದೂರದಲ್ಲಿ ಇನ್ಸುಲೇಶನ್ ಟೇಪ್ ಸುತ್ತಿ ಗುರುತು ಮಾಡಿ. ಅದರಾಚೆ ಒಂದು ಕೂದಲೆಳೆಯೂ ಇಳಿಯಬಾರದು, ತಳ ಒಡೆದರೆ ಎಂಜಿನ್ ಒಳಕ್ಕೇ ದಾರಿ. ಎಲ್ಲಕ್ಕಿಂತ ಕಷ್ಟ ನೇರ ಹಿಡಿಯುವುದು. ಅದಕ್ಕೊಂದು ಉಪಾಯ: ಕವರನ್ನು ಡವೆಲ್ ಪಿನ್ನಿನ (ಕವರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಗೂಟ) ಮೇಲೆ ಕೂರಿಸಿ ಮೂರು ನಾಲ್ಕು ಬೋಲ್ಟಿನಿಂದ ಹಿಡಿಸಿ. ಕವರಿನ ಬೋಲ್ಟ್ ತೂತು ಸಾಮಾನ್ಯವಾಗಿ 6.5 ಮಿ.ಮೀ. ಆಸುಪಾಸು ಇರುವುದರಿಂದ 6.3ರ ಬಿಟ್ ಅದರಲ್ಲಿ ಹೂವಿನಂತೆ ಇಳಿಯುತ್ತದೆ, ಅತ್ತಿತ್ತ ವಾಲುವುದಿಲ್ಲ. ನಿಧಾನ ವೇಗದಲ್ಲಿ, ಸೀಮೆಎಣ್ಣೆ ಅಥವಾ ಡಬ್ಲ್ಯುಡಿ-40 ಹನಿಸುತ್ತಾ ಕೊರೆಯಿರಿ. ಒಣಗಿದ್ದರೆ ಅಲ್ಯೂಮಿನಿಯಂ ಬಿಟ್ಟಿಗೆ ಅಂಟಿಕೊಂಡು ತೂತು ಹರಿದಂತಾಗುತ್ತದೆ.

ಕವರ್ ತೆಗೆದು, ತೆರೆದ ಎಂಜಿನ್ ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಟ್ಯಾಪ್. ಇದೂ ಕಿಟ್ಟಿನದೇ ಆಗಬೇಕು. ಪಿಚ್ 1.0 ಇದ್ದರೂ ಹೊರಗಿನ ಅಳತೆ 7 ಮಿ.ಮೀ.ಗೂ ಹೆಚ್ಚಿರುವ ವಿಶೇಷ ಟ್ಯಾಪ್ ಇದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ತಳ ಮುಚ್ಚಿದ ತೂತಾದರೆ ಪ್ರತಿ ಎರಡು ಸುತ್ತಿಗೆ ಟ್ಯಾಪ್ ಪೂರ್ತಿ ತೆಗೆದು ಪುಡಿ ಒರೆಸಿ. ಬಿಗಿಯಾಯಿತೆಂದು ಅನ್ನಿಸಿದರೆ ಒತ್ತಾಯ ಬೇಡ. ತೂತಿನಲ್ಲಿ ಟ್ಯಾಪ್ ಮುರಿದರೆ ಈಗಿರುವ ತೊಂದರೆ ಹತ್ತು ಪಟ್ಟಾಗುತ್ತದೆ.

ಪೆಟ್ರೋಲ್ ಅಥವಾ ಬ್ರೇಕ್ ಕ್ಲೀನರಿನಿಂದ ತೊಳೆದು, ಗಾಳಿ ಹೊಡೆದು ಒಣಗಿಸಿ. ಸುರುಳಿಯನ್ನು ಕಿಟ್ಟಿನ ಹಿಡಿಗೆ ಸಿಕ್ಕಿಸಿ, ಅದರ ಕಾಲು (ತುದಿಯಲ್ಲಿ ಅಡ್ಡ ಬಾಗಿದ ತಂತಿ) ಕೆಳಗಿರುವಂತೆ ಇಟ್ಟು, ಒತ್ತದೆ ಬಲಕ್ಕೆ ತಿರುಗಿಸುತ್ತಾ ಹೋಗಿ. ಸುರುಳಿಯ ಮೇಲ್ತುದಿ ತೂತಿನ ಮುಖಕ್ಕಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಕೆಳಗಿದ್ದಾಗ ನಿಲ್ಲಿಸಿ. ಹೊರಗೆ ಇಣುಕಿದರೆ ಕವರ್ ಕೂರದೆ ಪ್ಯಾಕಿಂಗ್ ಕಚ್ಚುತ್ತದೆ. ನಂತರ ತಳದ ಕಾಲನ್ನು ಪಂಚಿನಿಂದ ಒಂದೇ ಏಟಿಗೆ ಮುರಿದು ಹೊರತೆಗೆಯಿರಿ. ಆ ಚೂರು ಸ್ಟೇನ್‌ಲೆಸ್ ಆದ್ದರಿಂದ ಆಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ. ಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ತೆಗೆಯಬೇಕು. ತೂತು ಎಂಜಿನ್ ಒಳಕ್ಕೆ ತೆರೆದಿದ್ದರೆ ಪಂಚ್ ಬೇಡ, ಮೂಗುಕೊಕ್ಕಿನ ಇಕ್ಕಳದಿಂದ ಕಾಲು ಹಿಡಿದು ಮೇಲೆ ಕೆಳಗೆ ಆಡಿಸಿದರೆ ಮುರಿದು ಕೈಗೇ ಬರುತ್ತದೆ.

ಬೋಲ್ಟು ಬಿಚ್ಚುವಾಗ ಸುರುಳಿಯೂ ಜೊತೆಗೆ ಬಂದರೆ ತೂತು ದೊಡ್ಡದಾಗಿದೆ ಎಂದರ್ಥ, ಇಲ್ಲವೇ ಬೋಲ್ಟಿನ ಥ್ರೆಡ್ ಹಾಳಾಗಿ ಸುರುಳಿಯನ್ನು ಕಚ್ಚಿದೆ. ಹಳೇ ಬೋಲ್ಟನ್ನು ಹೊಸ ಸುರುಳಿಗೆ ಹಾಕಲೇಬೇಡಿ.

ಪ್ರಶ್ನೆ: ಎಂಜಿನ್ ಕವರಿನ ಸ್ಟಾರ್ ಸ್ಕ್ರೂಗಳ ತಲೆ ಸವೆದಿವೆ. ಸ್ಟೇನ್‌ಲೆಸ್ ಅಲೆನ್ ಬೋಲ್ಟಿನ ಸೆಟ್ ಹಾಕಿದರೆ ಹೇಗೆ? ಇಲ್ಲ, ಕಪ್ಪು ಬಣ್ಣದ 12.9 ಬೋಲ್ಟೇ ಗಟ್ಟಿ ಅಂತಾರಲ್ಲ? (ಧಾರವಾಡದ ಓದುಗರು)

ತಲೆಯ ಮೇಲಿನ ಅಂಕೆಯ ಅರ್ಥ ಮೊದಲು. 8.8ರಲ್ಲಿ ಮೊದಲ 8 ಎಂದರೆ ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್ನಿಗೆ ಹರಿಯುವ ಉಕ್ಕು. ಚುಕ್ಕೆಯಾಚೆಯ 8, ಅದರ ಶೇ. 80ಕ್ಕೆ, ಅಂದರೆ 640ಕ್ಕೆ, ಬೋಲ್ಟು ಶಾಶ್ವತವಾಗಿ ಹಿಗ್ಗುತ್ತದೆಂದು ಹೇಳುತ್ತದೆ. 10.9 ಎಂದರೆ 1000 ಮತ್ತು 900. 12.9 ಎಂದರೆ 1200 ಮತ್ತು 1080. ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಎ2-70 ಎಂದಿರುತ್ತದೆ: 700 ಮತ್ತು ಸುಮಾರು 450. ಹೊಳಪು ಹೆಚ್ಚು, ಬಲ 8.8ಕ್ಕಿಂತ ಕಡಿಮೆ.

ಈಗ ನಿಮ್ಮ ಕವರಿಗೆ ಬನ್ನಿ. ಅಲ್ಲಿ ಸೋಲುವುದು ಅಲ್ಯೂಮಿನಿಯಂ ಥ್ರೆಡ್, ಬೋಲ್ಟಲ್ಲ. 12.9 ಹಾಕಿದ ಮಾತ್ರಕ್ಕೆ ಥ್ರೆಡ್ಡಿಗೆ ಬಲ ಬರುವುದಿಲ್ಲ. ಬದಲಿಗೆ, ಮೆತ್ತನೆಯ ಬೋಲ್ಟಾಗಿದ್ದರೆ ಕತ್ತು ಮುರಿದು ‘ಅತಿಯಾಯಿತು’ ಎಂದು ಹೇಳುತ್ತಿತ್ತು, 12.9 ಮುರಿಯದೆ ಕ್ರ್ಯಾಂಕ್‌ಕೇಸನ್ನೇ ಕಿತ್ತು ತರುತ್ತದೆ. ಕವರಿಗೆ 8.8ರ, ತಲೆಯಲ್ಲೇ ಅಗಲ ಅಂಚಿರುವ ಫ್ಲೇಂಜ್ ಬೋಲ್ಟು ಸಾಕು. ಜಪಾನೀ ಮೂಲದ ಗಾಡಿಗಳಲ್ಲಿ 6 ಮಿ.ಮೀ. ಫ್ಲೇಂಜ್ ಬೋಲ್ಟಿನ ತಲೆ 8 ಮಿ.ಮೀ. ಇರುತ್ತದೆ. ಚಿಕ್ಕ ಟಿ ಸ್ಪ್ಯಾನರಿನಲ್ಲಿ ಕೈಗೆ ಬಿಗಿ ಚೆನ್ನಾಗಿ ತಿಳಿಯುತ್ತದೆ.

ಸ್ಟೇನ್‌ಲೆಸ್ಸೇ ಬೇಕೆಂದರೆ ತಡೆಯುವುದಿಲ್ಲ, ಕಣ್ಣಿಗೆ ಚಂದವೇ. ಆದರೆ ಮೂರು ವಿಷಯ ಗಮನಿಸಿ. ಸ್ಟೇನ್‌ಲೆಸ್ಸಿಗೂ ಅಲ್ಯೂಮಿನಿಯಂಗೂ ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತುಕ್ಕು ಹಿಡಿದು ಬೋಲ್ಟನ್ನು ಕಚ್ಚಿಕೊಳ್ಳುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಬೇಗ. ಹಾಗಾಗಿ ಥ್ರೆಡ್ಡಿಗೆ ಆಂಟಿ-ಸೀಜ್ ಪೇಸ್ಟ್ ತೆಳುವಾಗಿ ಸವರಿ. ಪೇಸ್ಟ್ ಹಚ್ಚಿದ ಬೋಲ್ಟು ಜಾರುವುದರಿಂದ ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಹೆಚ್ಚು ಬಿಗಿಯಾಗುತ್ತದೆ. 10 ಇದ್ದ ಕಡೆ 8 ನ್ಯೂಟನ್ ಮೀಟರಿಗೆ ನಿಲ್ಲಿಸಿ. ಇನ್ನು ಅಲೆನ್ ತಲೆ ಬರೀ 10 ಮಿ.ಮೀ. ಅಗಲ, ಮೆತ್ತನೆಯ ಕವರಿನಲ್ಲಿ ಹೂತುಹೋಗುತ್ತದೆ. ಕೆಳಗೆ ವಾಷರ್ ಬೇಕು. ವಾಷರ್ 1.6 ಮಿ.ಮೀ. ದಪ್ಪವಿದ್ದರೆ ಅಷ್ಟೂ ಥ್ರೆಡ್ಡಿನ ಹಿಡಿತದಲ್ಲಿ ಕಡಿಮೆಯಾಯಿತು ಎಂಬುದನ್ನು ಲೆಕ್ಕದಲ್ಲಿಡಿ. ಬ್ರೇಕ್ ಕ್ಯಾಲಿಪರ್, ಹ್ಯಾಂಡಲ್ ಕ್ಲಾಂಪ್ ಇಂಥ ಕಡೆ ಅಲಂಕಾರದ ಸ್ಟೇನ್‌ಲೆಸ್ ಹಾಕುವ ಮಾತೇ ಬೇಡ. ಅಲ್ಲಿ ಕಂಪನಿ ಹೇಳಿದ ಗ್ರೇಡೇ ಇರಲಿ.

ಸೆಟ್‌ಗಳಲ್ಲಿ ಬರುವ ದೊಡ್ಡ ತೊಂದರೆ ಉದ್ದದ ಅದಲುಬದಲು. ಕವರಿನ ಬೋಲ್ಟುಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದರೆ ತಳ ಮುಟ್ಟಿ ಬಿಗಿಯಾದಂತೆ ತೋರುತ್ತದೆ, ಕವರ್ ಮಾತ್ರ ಒತ್ತಿಕೊಂಡಿರುವುದಿಲ್ಲ. ಅಲ್ಲೇ ಆಯಿಲ್ ಸೋರುತ್ತದೆ, ಮತ್ತೆ ಬಿಗಿಯುತ್ತಾರೆ. ಉದ್ದದ್ದರ ಜಾಗಕ್ಕೆ ಗಿಡ್ಡದ್ದು ಹೋದರೆ ಮೂರು ನಾಲ್ಕು ಸುತ್ತಿನ ಹಿಡಿತದಲ್ಲೇ ಎಲ್ಲ ಭಾರ ಬಿದ್ದು ಥ್ರೆಡ್ ಕಿತ್ತು ಬರುತ್ತದೆ. ಬಿಚ್ಚುವಾಗಲೇ ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಬೋಲ್ಟು ಚುಚ್ಚಿಡಿ. ಹಾಕುವಾಗ ಎಲ್ಲವನ್ನೂ ಥ್ರೆಡ್ಡಿಗೆ ಸಿಕ್ಕಿಸದೆ ಬರೇ ತೂತಿಗೆ ಇಳಿಬಿಡಿ. ಹೊರಗುಳಿದ ಕತ್ತು ಎಲ್ಲದರಲ್ಲೂ ಸರಿಸುಮಾರು ಸಮ ಇರಬೇಕು. ಒಂದು ಮಾತ್ರ ಎದ್ದೋ ಕುಸಿದೋ ಕಂಡರೆ ಅದು ಬೇರೆ ಜಾಗದ್ದು. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ನಿಂತಿದ್ದರೆ ಬಟ್ಟೆ ಇಳಿಸಿ ಒರೆಸಿ. ಬೋಲ್ಟಿನ ಒತ್ತಡಕ್ಕೆ ಆಯಿಲ್ ಹೋಗಲು ದಾರಿಯಿಲ್ಲದೆ ಕೇಸ್ ಬಿರುಕು ಬಿಡುವುದುಂಟು.

ಪ್ರಶ್ನೆ: ಹಳೇ ಕಾಸ್ಟ್ ಐರನ್ ಬುಲೆಟ್. 8 ಮಿ.ಮೀ. ಹೊಸ ಬೋಲ್ಟು ಮೂರ್ನಾಲ್ಕು ಸುತ್ತು ಹೋಗಿ ನಿಂತುಬಿಡುತ್ತದೆ. ಟ್ಯಾಪ್ ಹೊಡೆಸಲೇ? (ಚಿಕ್ಕಮಗಳೂರಿನ ಓದುಗರು)

ನಿಲ್ಲಿಸಿ! ಅದು 8 ಮಿ.ಮೀ. ತೂತು ಅಲ್ಲದಿರುವ ಸಾಧ್ಯತೆಯೇ ಹೆಚ್ಚು. 1955ರಿಂದ ಮದ್ರಾಸಿನಲ್ಲಿ ತಯಾರಾದ ಬುಲೆಟ್ಟಿನ ಮೂಲ ವಿನ್ಯಾಸ ಇಂಗ್ಲೆಂಡಿನದು, ಥ್ರೆಡ್ಡುಗಳೂ ಅಲ್ಲಿನ ಇಂಚಿನ ಲೆಕ್ಕದವೇ. 5/16 ಇಂಚು ಎಂದರೆ 7.94 ಮಿ.ಮೀ., ಕಣ್ಣಿಗೆ 8ರಂತೆಯೇ ಕಾಣುತ್ತದೆ. ಆದರೆ ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್ ಎಂಬ ಹಳೇ ಇಂಗ್ಲಿಷ್ ಅಳತೆ) ಥ್ರೆಡ್ಡಿನಲ್ಲಿ ಇಂಚಿಗೆ 22 ಹಲ್ಲು, ಅಂದರೆ ಪಿಚ್ 1.15 ಮಿ.ಮೀ.; ನಿಮ್ಮ ಬೋಲ್ಟಿನದು 1.25. ಸುತ್ತಿಗೆ 0.1 ಮಿ.ಮೀ.ನಂತೆ ವ್ಯತ್ಯಾಸ ಬೆಳೆದು ನಾಲ್ಕೈದು ಸುತ್ತಿಗೆ ಹಲ್ಲು ಹಲ್ಲಿನ ಮೇಲೇ ಏರುತ್ತದೆ. ಹಲ್ಲಿನ ಕೋನವೂ ಬೇರೆ, ಅಲ್ಲಿ 55 ಡಿಗ್ರಿ, ಇಲ್ಲಿ 60.

ಖಚಿತಪಡಿಸಿಕೊಳ್ಳಲು ಥ್ರೆಡ್ ಗೇಜ್ ಬೇಕು. ಇಲ್ಲದಿದ್ದರೆ ಅದೇ ಸಾಲಿನ ಪಕ್ಕದ ಮೂಲ ಬೋಲ್ಟು ಬಿಚ್ಚಿ, ನಿಮ್ಮ ಹೊಸ ಬೋಲ್ಟಿನ ಹಲ್ಲಿಗೆ ಹಲ್ಲು ಕೂಡಿಸಿ ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಒಂದರೊಳಗೊಂದು ಕೂತರೆ ಸರಿ, ಸಂದಿಯಲ್ಲಿ ಬೆಳಕು ಇಣುಕಿದರೆ ಬೇರೆ ಜಾತಿ. ಸ್ಪ್ಯಾನರ್ ಕೂಡ ಸುಳಿವು ಕೊಡುತ್ತದೆ: 5/16 ಬಿಎಸ್‌ಎಫ್ ತಲೆ 13.3 ಮಿ.ಮೀ. ಅಗಲ. 13ರ ಸ್ಪ್ಯಾನರ್ ಹತ್ತುವುದಿಲ್ಲ, 14ರದು ಲೊಡಲೊಡ ಆಡಿ ಮೂಲೆ ಸವೆಸುತ್ತದೆ. ಅದರ ಸರಿಯಾದ ಸ್ಪ್ಯಾನರಿನ ಮೇಲೆ 1/4 ವಿಟ್‌ವರ್ತ್ ಎಂದು ಬರೆದಿರುತ್ತದೆ.

ಥ್ರೆಡ್ ಅಲ್ಪಸ್ವಲ್ಪ ಕೆಟ್ಟಿದ್ದರೆ 5/16 ಬಿಎಸ್‌ಎಫ್ ಟ್ಯಾಪನ್ನು ಕೈಯಲ್ಲೇ ನಿಧಾನಕ್ಕೆ ಓಡಿಸಿ ಸರಿಪಡಿಸಬಹುದು. ಪೂರ್ತಿ ಹೋಗಿದ್ದರೆ ಅದೇ ಅಳತೆಯ ಹೆಲಿಕಾಯಿಲ್ ಹುಡುಕಿ, ಇಲ್ಲವೇ 8×1.25 ಹೆಲಿಕಾಯಿಲ್ ಹಾಕಿ ಆ ಒಂದು ತೂತನ್ನು ಮೆಟ್ರಿಕ್ ಮಾಡಿ. ಮಾಡಿದರೆ ಪಕ್ಕದಲ್ಲಿ ಪೇಂಟ್ ಚುಕ್ಕೆ ಇಡಿ. ಮುಂದೆ ಬಿಚ್ಚುವವರು ನಿಮ್ಮನ್ನು ಬೈಯುವುದು ತಪ್ಪುತ್ತದೆ. ಅಂದಹಾಗೆ, 1961ರಿಂದ 1996ರ ತನಕ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳಿಗೆ ಈ ಗೊಂದಲ ಇಲ್ಲ. ಜೆಕ್ ವಿನ್ಯಾಸದ ಆ ಗಾಡಿಗಳು ಮೊದಲಿನಿಂದಲೂ ಮೆಟ್ರಿಕ್.

ಪ್ರಶ್ನೆ: ಸೈಲೆನ್ಸರ್ ಬೆಂಡ್ ಪೈಪ್ ಹಿಡಿಯುವ ಸ್ಟಡ್ (ತಲೆಯಿಲ್ಲದ ಬೋಲ್ಟು) ಸಿಲಿಂಡರ್ ಹೆಡ್ಡಿನೊಳಗೇ ಮುರಿದಿದೆ. ಈಸಿ-ಔಟ್ ಬಳಸಲೇ? (ದಾವಣಗೆರೆಯ ಓದುಗರು)

ಈಸಿ-ಔಟ್, ಅಂದರೆ ಮುರಿದ ತುಂಡಿನಲ್ಲಿ ತೂತು ಕೊರೆದು, ಅದಕ್ಕೆ ಸಿಕ್ಕಿಸಿ ಎಡಕ್ಕೆ ತಿರುಗಿಸುವ ಸಾಧನ, ಕೊನೆಯ ಅಸ್ತ್ರ. ಅದು ಗಡಸು ಉಕ್ಕು. ತುಕ್ಕು ಹಿಡಿದ ಸ್ಟಡ್ಡಿನೊಳಗೆ ಅದೇ ಮುರಿದರೆ ಸಾಮಾನ್ಯ ಡ್ರಿಲ್ ಕೊರೆಯಲಾರದು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಯಂತ್ರವಿರುವವರ ಬಳಿ ಹೆಡ್ ಒಯ್ಯಬೇಕಾಗುತ್ತದೆ.

ಸ್ವಲ್ಪವಾದರೂ ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಕಾವೇ ಅರ್ಧ ಕೆಲಸ ಮಾಡುತ್ತದೆ. ಬ್ಯಾಟರಿ ತಂತಿ ಬಿಚ್ಚಿಟ್ಟು ಮಾಡಿಸಿ. ಮಟ್ಟಸ ಮುರಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆ ಹಾಕಿಟ್ಟು, ಮಾರನೇ ದಿನ ಹೀಟ್ ಗನ್ನಿನಿಂದ ಹೆಡ್ ಕಾಯಿಸಿ. ಅಲ್ಯೂಮಿನಿಯಂ ಕಾವಿಗೆ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ನಡುಮಧ್ಯಕ್ಕೆ ಪಂಚ್ ಹೊಡೆದು ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟಿನಿಂದ 3 ಮಿ.ಮೀ. ಕೊರೆಯುತ್ತಿದ್ದಂತೆ ಎಷ್ಟೋ ಸಲ ಸ್ಟಡ್ ತಾನಾಗಿ ಬಿಚ್ಚಿಕೊಂಡು ಬರುತ್ತದೆ. ಬರದಿದ್ದರೆ 6 ಮಿ.ಮೀ. ಸ್ಟಡ್ಡಿಗೆ 4, ಆಮೇಲೆ 5 ಮಿ.ಮೀ. ಕೊರೆದು ಟ್ಯಾಪ್ ಓಡಿಸಿ. ಕೇಂದ್ರ ತಪ್ಪಿ ಥ್ರೆಡ್ ಹೋದರೆ ಹೆಲಿಕಾಯಿಲ್ ಇದ್ದೇ ಇದೆ. ಹೊಸ ಸ್ಟಡ್ ಹಾಕುವಾಗ ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು ಅದನ್ನೇ ಹಿಡಿಯಾಗಿಸಿಕೊಳ್ಳಿ. ತಾಮ್ರದ ಹೊಸ ಪ್ಯಾಕಿಂಗ್ ಇಟ್ಟು ಎರಡೂ ನಟ್‌ಗಳನ್ನು ಅರ್ಧರ್ಧ ಸುತ್ತಿನಂತೆ ಸರದಿಯಲ್ಲಿ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಪೈಪ್ ವಾಲಿ ಇನ್ನೊಂದು ಸ್ಟಡ್ ಬಾಗುತ್ತದೆ.

ಪ್ರಶ್ನೆ: ಸ್ಪಾರ್ಕ್ ಪ್ಲಗ್ ಅಡ್ಡ ಥ್ರೆಡ್ ಆಗದಂತೆ ಹಾಕುವುದು ಹೇಗೆ? ಎಷ್ಟು ಬಿಗಿ ಸರಿ? (ಮಂಡ್ಯದ ಓದುಗರು)

ಒಂದು ಅಡಿ ಉದ್ದದ ಪೆಟ್ರೋಲ್ ಪೈಪನ್ನು ಪ್ಲಗ್ಗಿನ ಮೇಲ್ತುದಿಗೆ ಸಿಕ್ಕಿಸಿ, ಪೈಪ್ ಹಿಡಿದೇ ತಿರುಗಿಸಿ. ಮೊದಲು ಎಡಕ್ಕೆ ತಿರುಗಿಸಿದರೆ ಹಲ್ಲು ಹಲ್ಲಿಗೆ ಕೂತ ‘ಟಿಕ್’ ಬೆರಳಿಗೆ ತಿಳಿಯುತ್ತದೆ, ಆಮೇಲೆ ಬಲಕ್ಕೆ. ಓರೆಯಾಗಿದ್ದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಬೆರಳಬಿಗಿ ಆದ ಮೇಲೆ ಹೊಸ ಪ್ಲಗ್ಗಿಗೆ ಸುಮಾರು ಅರ್ಧ ಸುತ್ತು. ಒಮ್ಮೆ ಹಾಕಿ ತೆಗೆದದ್ದಾದರೆ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಸುತ್ತಿನ ಹನ್ನೆರಡನೇ ಒಂದು ಭಾಗ, ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು. ಎನ್‌ಜಿಕೆ ಪ್ಲಗ್ಗಿನ ಹೆಸರು ಸಿ ಅಕ್ಷರದಿಂದ ಶುರುವಾದರೆ ಥ್ರೆಡ್ 10 ಮಿ.ಮೀ., 10–12 ನ್ಯೂಟನ್ ಮೀಟರ್. ಡಿ ಆದರೆ 12 ಮಿ.ಮೀ., 15–20. ಬಿ ಆದರೆ 14 ಮಿ.ಮೀ., 25–30. ಎಂಜಿನ್ ತಣ್ಣಗಿರುವಾಗ ಮಾತ್ರ ಬಿಚ್ಚಿ, ಹಾಕಿ. ಈ ತೂತಿನ ಥ್ರೆಡ್ ಹೋದರೆ ಹೆಡ್ ಇಳಿಸಿಯೇ ಬುಷ್ ಹಾಕಿಸಿ. ಇಳಿಸದೆ ಕೊರೆದರೆ ಪುಡಿ ನೇರ ಪಿಸ್ಟನ್ ಮೇಲೆ ಬಿದ್ದು ಸಿಲಿಂಡರ್ ಗೀರುತ್ತದೆ.

ಪ್ರಶ್ನೆ: ಟಾರ್ಕ್ ರೆಂಚ್ ಯಾವುದು ಕೊಳ್ಳಲಿ? (ಪುತ್ತೂರಿನ ಓದುಗರು)

ಕಾಲು ಇಂಚು ಡ್ರೈವಿನ, 5ರಿಂದ 25 ನ್ಯೂಟನ್ ಮೀಟರಿನದು. ಕಾರಿನ ಚಕ್ರಕ್ಕೆ ಬಳಸುವ ಅರ್ಧ ಇಂಚಿನದು 10ರ ಆಸುಪಾಸಿನಲ್ಲಿ ‘ಕ್ಲಿಕ್’ ಅನ್ನುವುದೇ ಇಲ್ಲ, ಅದು ಅನ್ನಲಿ ಎಂದು ಕಾಯುತ್ತಿರುವಾಗಲೇ ಥ್ರೆಡ್ ಹೋಗಿರುತ್ತದೆ. ಕೊಳ್ಳುವ ತನಕ 6 ಮಿ.ಮೀ. ಬೋಲ್ಟಿಗೆ ಗಿಡ್ಡ ಸ್ಪ್ಯಾನರ್ ಬಳಸಿ: 10 ಸೆಂ.ಮೀ. ಹಿಡಿಯಲ್ಲಿ 10 ಕಿಲೋ ಒತ್ತಡಕ್ಕೆ 10 ನ್ಯೂಟನ್ ಮೀಟರ್ ಆಗುತ್ತದೆ, 25 ಸೆಂ.ಮೀ. ರಾಚೆಟ್ಟಿನಲ್ಲಿ ನಾಲ್ಕೇ ಕಿಲೋಗೆ. ಮನೆಯ ತೂಕದ ಯಂತ್ರದ ಮೇಲೆ ಅಂಗೈಯಿಂದ 10 ಕಿಲೋ ಒತ್ತಿ ನೋಡಿ ಕೈಗೆ ಅಂದಾಜು ಮಾಡಿಕೊಳ್ಳಿ. ಕೆಲಸವಾದ ಮೇಲೆ ರೆಂಚಿನ ಸ್ಪ್ರಿಂಗನ್ನು ಅತಿ ಕಡಿಮೆ ಅಂಕೆಗೆ ಇಳಿಸಿಯೇ ಪೆಟ್ಟಿಗೆಗೆ ಹಾಕಿ.